ಹಾಜಿಯ ಹೊಟ್ಟೆಯಲ್ಲಿದ್ದ ಎರಡು ವರ್ಷ

ಇವತ್ತು ಮಧ್ಯಾಹ್ನ ಹಾಜಿಯ ಪ್ರಾಣ ತೆಗೆಯುತ್ತಾರೆ ಎಂಬುದು ತಿಂಗಳ ಹಿಂದೆಯೇ ನಿಶ್ಚಯವಾಗಿತ್ತು. ಆದರೆ ಬೆಳಿಗ್ಗೆ ಟ್ರಾಮಿನಲ್ಲಿ ಕಂಬ ಹಿಡಿದು ನಿಂತ ರಿಫಾತನಿಗೆ ಚಿಂತೆಯಾಗಿದ್ದುದು ಹಾಜಿಯದಲ್ಲ, ತನ್ನ ಎಡಗಾಲಿನ ಕಾಲುಚೀಲದ್ದು. ಹೆಬ್ಬೆರಳಿನ ಹತ್ತಿರ ತೂತು. ಮನೆಯಲ್ಲಿ ಹಾಕಿಕೊಳ್ಳುವಾಗ ಕಡಲೆಕಾಳಿನಷ್ಟಿದ್ದದ್ದು ಟ್ರಾಮು ಸಮುದ್ರದ ಕಡೆಗೆ ತಿರುಗುವಷ್ಟರಲ್ಲಿ ಇಡೀ ಬೆರಳನ್ನು ಹೊರಗೆ ಬಿಟ್ಟಿತ್ತು. ಬೂಟಿನೊಳಗೆ ಆ ಬೆರಳು ಬೆತ್ತಲೆ ಒದ್ದಾಡುತ್ತಿರುವುದು ಅವನಿಗೆ ಟ್ರಾಮಿನ ಪ್ರತಿ ಕುಲುಕಿಗೂ ಗೊತ್ತಾಗುತ್ತಿತ್ತು. ಹೆಂಡತಿ ಮಗಳ ಬಾಣಂತನಕ್ಕೆಂದು ತಾಂತಾ ಪಟ್ಟಣಕ್ಕೆ ಹೋಗಿದ್ದಳು, ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ. ಬೇರೆ ಕಚೇರಿಯಾಗಿದ್ದರೆ ಯಾರು ಕೇಳುತ್ತಿದ್ದರು? ನೀರು ಸರಬರಾಜು ಕಚೇರಿಯ ಮೂರನೇ ಮಹಡಿಯಲ್ಲಿ ಹಾಜಿಯ ಕೋಣೆಗೆ ಹೋಗುವವರು ಬೂಟು ಬಿಚ್ಚಿಯೇ ಹೋಗಬೇಕು. ಧೂಳು ಬಡಿದರೆ ಯಂತ್ರ ಕೆಡುತ್ತದೆ ಎಂದು ಅದನ್ನು ತಂದು ಕೂರಿಸಿದ ಇಟಲಿಯವನೊಬ್ಬ ಎಂದೋ ಹೇಳಿದ್ದನಂತೆ. ಇಟಲಿಯವನು ಹೋದ, ಮಾತು ಉಳಿಯಿತು. ಬಾಗಿಲಲ್ಲಿ ಬೂಟಿನ ಸಾಲು, ಒಳಗೆ ತಗ್ಗಿದ ದನಿ, ಬಗ್ಗಿದ ತಲೆಗಳು. ಇದನ್ನೆಲ್ಲ ನೋಡಿ ಯಾರೋ ಪುಣ್ಯಾತ್ಮರು ಆ ಹಳೆಯ ಸರ್ವರ್ ಯಂತ್ರಕ್ಕೆ ಹಾಜಿ ಎಂದು ಹೆಸರಿಟ್ಟರು. ಹಜ್‌ಗೆ ಹೋಗದೆಯೇ ಹಾಜಿಯಾದವನು ಇಡೀ ಅಲೆಕ್ಸಾಂಡ್ರಿಯಾದಲ್ಲಿ ಅವನೊಬ್ಬನೇ ಅಲ್ಲ ಬಿಡಿ.

ಹಾಜಿ ನೋಡುವುದಕ್ಕೆ ಹಳೆಯ ಕಾಲದ ಫ್ರಿಜ್ಜು, ಹಳದಿಗೆ ತಿರುಗಿದ ಬಿಳಿ ಬಣ್ಣ. ಅರ್ಧ ಊರಿನ ನಲ್ಲಿಗಳು, ಮೀಟರುಗಳು, ದೂರುಗಳು, ಕಚೇರಿಯ ನೌಕರರ ಹುಟ್ಟು, ಬಡ್ತಿ, ರಜೆ, ಮೂಲವ್ಯಾಧಿ ಎಲ್ಲವೂ ಅವನ ಹೊಟ್ಟೆಯಲ್ಲಿ. ಅದನ್ನೆಲ್ಲ ಹೊಸ ಯಂತ್ರಗಳಿಗೆ ಸಾಗಿಸುವ ಸಾಹಸ ಮೊದಲೂ ನಡೆದಿತ್ತು. ಆಗ ಬಂದವರು ಸಾಗಿಸಿ ಮುಗಿಸಿ, ಸಿಹಿ ತಿಂದು, ಫೋಟೋ ಹಿಡಿಸಿಕೊಂಡು ಕೈರೋಗೆ ಹೋದ ಮೇಲೆ ನೋಡಿದರೆ ಊರಿನವರ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದವು. ಬಿಲ್ಲುಗಳೂ ಹಾಗೆಯೇ ಅಚ್ಚಾಗಿ ಹೋದವು. ಕರ್ಮೂಸ್ ಬಡಾವಣೆಯ ಕಾಫಿ ಅಂಗಡಿಯವನೊಬ್ಬ ಬಿಲ್ಲು ಹಿಡಿದು ಬಂದು, "ನನ್ನ ಹೆಸರಲ್ಲಿ ಇಷ್ಟೊಂದು ಪ್ರಶ್ನೆ ಇದೆ, ಪಕ್ಕದ ಕಟುಕನಿಗೆ ನಾಲ್ಕೇ ಇದೆ. ನಾನೇನು ಅಷ್ಟು ಸಂಶಯದ ಮನುಷ್ಯನಾ?" ಎಂದು ಜಗಳ ತೆಗೆದಿದ್ದ. ಕೊನೆಗೆ ಹಳೇ ಗಂಡನ ಪಾದವೇ ಗತಿ ಎಂದು ಎಲ್ಲರೂ ಬೂಟು ಬಿಚ್ಚಿ ಹಾಜಿಯ ಮುಂದೆ ಬಂದು ನಿಂತರು. ಹಾಜಿಯ ಮುಂದೆ ಎಂದರೆ ರಿಫಾತನ ಮುಂದೆ. ರಿಫಾತನಿಗೆ ಅದರ ಬಗ್ಗೆ ಬಹಳ ಗೊತ್ತಿತ್ತು ಅಂತಲ್ಲ. ಉಳಿದವರಿಗೆ ಏನೂ ಗೊತ್ತಿರಲಿಲ್ಲ, ಅಷ್ಟೆ. ಆದರೂ ಗೋರಿ ಕಾಯುವವನಿಗೆ ಸಂತನ ಮರ್ಯಾದೆಯಲ್ಲಿ ಒಂದು ತುಣುಕು ಸಿಕ್ಕೇ ಸಿಗುತ್ತದೆ. ನಿರ್ದೇಶಕರು ಕೂಡ ಅವನನ್ನು ಕರೆಯುವಾಗ ಒಂದು 'ಉಸ್ತಾದ್' ಸೇರಿಸುತ್ತಿದ್ದರು.

ಈ ಸಲ ಬಂದವಳು ರದ್ವಾ. ಕೈರೋದ ಯಾವುದೋ ಕಂಪನಿಯ ಇಂಜಿನಿಯರು, ಅವನ ಮಗಳ ವಯಸ್ಸು, ತಲೆವಸ್ತ್ರದ ಕೆಳಗೆ ಕಿವಿಯಲ್ಲಿ ಹಾಡು ಸಿಕ್ಕಿಸಿಕೊಂಡು ಕೆಲಸ ಮಾಡುವವಳು. ಅವಳ ಕೆಲಸ ಕೆಡಲಿ ಎಂದು ರಿಫಾತ್ ಒಂದು ತಿಂಗಳು ಗುಟ್ಟಾಗಿ ಹಾರೈಸಿದ್ದ. ನಮಾಜಿನ ಕೊನೆಗೆ ಎಲ್ಲರ ಆರೋಗ್ಯ ಕೇಳಿಕೊಂಡ ಮೇಲೆ, ದೇವರೇ, ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ ಸಾಕು ಎಂದೂ ಸೇರಿಸಿದ್ದ. ದೇವರು ರದ್ವಾಳ ಪಕ್ಷ ವಹಿಸಿದ. ಹೆಸರುಗಳು ಹೆಸರುಗಳಾಗಿಯೇ ದಾಟಿದವು. ಅವಳು ಅವನಿಗೆ ಚಹಾ ಬೇರೆ ತರಿಸಿಕೊಡುತ್ತಿದ್ದಳು, ಆದ್ದರಿಂದ ನೆಟ್ಟಗೆ ದ್ವೇಷಿಸುವುದಕ್ಕೂ ಆಗುತ್ತಿರಲಿಲ್ಲ.

"ಬನ್ನಿ ಉಸ್ತಾದ್ ರಿಫಾತ್, ನಿಮಗೋಸ್ಕರಾನೇ ಕಾಯ್ತಾ ಇದ್ದೆ," ಎಂದಳು, ಅವನು ಬೂಟು ಬಿಚ್ಚಿ ಎಡಪಾದವನ್ನು ಬಲಪಾದದ ಹಿಂದೆ ಬಚ್ಚಿಟ್ಟು ಕೊಕ್ಕರೆಯ ಹಾಗೆ ಬಾಗಿಲಲ್ಲಿ ನಿಂತಾಗ. ಹಾಜಿಯ ಪಕ್ಕದ ಕುರ್ಚಿಯಲ್ಲಿ ದೂರು ವಿಭಾಗದ ಮೇಡಂ ಇನ್ಶಿರಾಹ್ ಕೂತು ಬೀನ್ಸು ತುಂಬಿದ ರೊಟ್ಟಿ ತಿನ್ನುತ್ತಿದ್ದರು. ಹಾಜಿಯ ಹಣೆಗೆ ದೃಷ್ಟಿ ತಾಗದ ಹಾಗೆ ನೀಲಿ ಮಣಿ ಕಟ್ಟಿದವರು ಅವರೇ. ಇವತ್ತು ಕೊನೆಯ ದಿನ ಎಂದು ಜೊತೆಗೆ ಕೂರಲು ಬಂದಿದ್ದರು.

"ಎಲ್ಲಾ ಗಂಟು ಬಿಡಿಸಿಬಿಟ್ಟೆ. ಒಂದೇ ಒಂದು ಉಳಿದಿದೆ. ಅದು ಬಿಡ್ದೆ ಹೊಸ ಸಿಸ್ಟಮ್ ಬಾಗಿಲು ಹಾಕ್ಕೊಳಲ್ಲ ಅಂತ ಕೂತಿದೆ," ಎಂದಳು ರದ್ವಾ.

"ಯಾರ್ದು?"

"ನಿಮ್ದೇ."

ಹೊಸ ಸಿಸ್ಟಮಿನಲ್ಲಿ ಒಬ್ಬ ಮನುಷ್ಯ ಒಂದೇ ಸಲ ಇರಬೇಕಂತೆ. ಹಾಜಿ ಅಷ್ಟು ಕಟ್ಟುನಿಟ್ಟಿನವನಲ್ಲ. ನೌಕರರ ಕಡತ ಅವನಲ್ಲಿ ಬೇರೆ, ವೈದ್ಯಕೀಯ ನಿಧಿಯ ಕಡತ ಬೇರೆ. ಎರಡನ್ನೂ ಕೂಡಿಸಲು ಹೋದರೆ ಎಲ್ಲರೂ ಒಬ್ಬೊಬ್ಬರಾಗಿ ಕೂಡಿಕೊಂಡರು, ರಿಫಾತ್ ಮಾತ್ರ ಕೂಡಲಿಲ್ಲ. ರದ್ವಾ ಪರದೆಯನ್ನು ಅವನ ಕಡೆಗೆ ತಿರುಗಿಸಿದಳು. ಅದೇ ಹೆಸರು, ಅದೇ ತಂದೆ ಅಬ್ದುಲ್ ಬಾರಿ, ಅದೇ ಅಜ್ಜ, ಅದೇ ಬೀದಿ, ಅದೇ ಮನೆ. ವೈದ್ಯಕೀಯ ನಿಧಿಯ ರಿಫಾತ್ ಹುಟ್ಟಿದ್ದು ಅರವತ್ತಮೂರರಲ್ಲಿ, ಅವನಿಗೆ ರಾಷ್ಟ್ರೀಯ ಗುರುತಿನ ನಂಬರಿದೆ. ನೌಕರರ ಕಡತದ ರಿಫಾತ್ ಹುಟ್ಟಿದ್ದು ಅರವತ್ತೈದರಲ್ಲಿ, ಅವನಿಗೆ ಯಾವ ನಂಬರೂ ಇಲ್ಲ.

"ನೀವು ಇಬ್ರು ಇದೀರಿ ಉಸ್ತಾದ್."

"ಅವಳಿ ಜವಳಿನಾ?" ಎಂದರು ಮೇಡಂ ಇನ್ಶಿರಾಹ್, ರೊಟ್ಟಿ ಬಿಡದೆ.

"ಎರಡು ವರ್ಷ ಬಿಟ್ಟು ಬರೋ ಅವಳಿ ಯಾವ್ದು ಮೇಡಂ?"

"ಹಾಗಾದ್ರೆ ಇವರಪ್ಪ ಇನ್ನೊಂದು ಮನೆ ಮಾಡಿರ್ಬೇಕು. ಗಂಡಸರನ್ನ ನಂಬೋಕಾಗುತ್ತಾ?"

"ಮಾಡಿದ್ರೂ ಇಬ್ರು ಮಕ್ಕಳಿಗೂ ಒಂದೇ ಹೆಸರಿಡೋ ಅಪ್ಪ ಎಲ್ಲಾದ್ರೂ ಇರ್ತಾನಾ?" ಎಂದು ರದ್ವಾ ನಕ್ಕಳು.

ರಿಫಾತ್ ನೀಲಿ ಮಣಿಯನ್ನು ನೋಡುತ್ತ ನಿಂತ. ಅಂಥ ಅಪ್ಪ ಇದ್ದ. ಬಂದರಿನಲ್ಲಿ ಮೂಟೆ ಎತ್ತುತ್ತಿದ್ದ, ಗಟ್ಟಿಯಾಗಿ ಸೀನುತ್ತಿದ್ದ, ಯಾವುದನ್ನೂ ಎಸೆಯುತ್ತಿರಲಿಲ್ಲ. ಬಗ್ಗಿದ ಮೊಳೆಯನ್ನು ತಟ್ಟಿ ನೆಟ್ಟಗೆ ಮಾಡಿ ಡಬ್ಬಿಗೆ ಹಾಕುವವನು. ಚೊಚ್ಚಲ ಮಗು ನಾಲ್ಕು ತಿಂಗಳಿಗೆ ಜ್ವರ ಬಂದು ತೀರಿಕೊಂಡಾಗ ಜನನ ಮರಣದ ಕಚೇರಿಗೆ ಹೋಗಿ ಸಾವು ಬರೆಸಲಿಲ್ಲ, ಎರಡು ವರ್ಷಕ್ಕೆ ಇನ್ನೊಂದು ಗಂಡು ಹುಟ್ಟಿದಾಗ ಅದೇ ಹೆಸರು, ಅದೇ ಜನನಪತ್ರ. ಬೀದಿಯಲ್ಲಿ ಹಾಗೆ ಮಾಡಿದವರು ಬೇರೆಯವರೂ ಇದ್ದರು, ಅದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. "ಕಾಗದ ಇನ್ನೂ ಹೊಸದಾಗಿತ್ತು ಕಣೋ, ನಾಲ್ಕೇ ತಿಂಗಳು ತೊಟ್ಟದ್ದು," ಎಂದು ಅಪ್ಪ ಕಾಫಿ ಅಂಗಡಿಯಲ್ಲಿ ಎಲ್ಲರೆದುರಿಗೆ ಹೇಳಿ ನಗುತ್ತಿದ್ದ, ಅಣ್ಣನ ಅಂಗಿ ತಮ್ಮನಿಗೆ ಹಾಕಿದ್ದನ್ನು ಹೇಳುವಂತೆ. ಗಂಡಸರು ನಗುತ್ತಿದ್ದರು. ಅಪ್ಪನ ಮೊಣಕಾಲಿಗೆ ಒರಗಿ ನಿಂತ ರಿಫಾತನೂ ನಗುತ್ತಿದ್ದ, ತಾನು ತೊಟ್ಟದ್ದು ಏನು ಅಂತ ಗೊತ್ತಿಲ್ಲದೆ. ಗೊತ್ತಾದದ್ದು ಹಬ್ಬದ ಬೆಳಿಗ್ಗೆ ಸ್ಮಶಾನದಲ್ಲಿ. ತಾಯಿ ಗೋರಿಯ ಮುಂದೆ ಕೂತು, ಹಂಚಲು ತಂದ ರೊಟ್ಟಿಯ ಬುಟ್ಟಿ ಪಕ್ಕಕ್ಕಿಟ್ಟು, "ರಿಫಾತ್, ಹೇಗಿದ್ದೀಯಪ್ಪ?" ಎಂದಳು. ಅವನು ಹಿಂದೆಯೇ ನಿಂತಿದ್ದ, ಹೊಸ ಅಂಗಿ ಹಾಕಿಕೊಂಡಿದ್ದ, "ಚೆನ್ನಾಗಿದ್ದೀನಮ್ಮ," ಎಂದ. ತಿರುಗಿ ಕೆನ್ನೆಗೆ ಹೊಡೆದಳು. ಆಮೇಲೆ ತಾನೇ ಅತ್ತಳು, ಅವನನ್ನು ಎದೆಗೆ ಒತ್ತಿಕೊಂಡಳು, ರೊಟ್ಟಿ ಕೊಟ್ಟಳು. ಆದರೆ ತನ್ನ ಹೆಸರು ತನ್ನದಲ್ಲ ಎಂಬುದು ಆ ಏಟಿನಲ್ಲಿ ಅವನಿಗೆ ತಿಳಿಯಿತು.

ಅಲ್ಲಿಂದ ಮುಂದೆ ಆ ಅಣ್ಣ ಅವನ ಬೆನ್ನು ಬಿಡಲಿಲ್ಲ. ಸತ್ತ ಎಮ್ಮೆಗೆ ಹಾಲು ಹೆಚ್ಚು ಅನ್ನುತ್ತಾರಲ್ಲ, ಹಾಗೆ ಆ ನಾಲ್ಕು ತಿಂಗಳ ಕೂಸಿಗೆ ಗುಣಗಳು ವರ್ಷ ವರ್ಷ ಬೆಳೆದವು. ಅವನು ರಾತ್ರಿ ಅಳುತ್ತಿರಲಿಲ್ಲ, ಅವನ ಕಣ್ಣು ಜೇನಿನ ಬಣ್ಣ, ಅವನು ಒಂದು ದಿನವೂ ತಾಯಿಗೆ ಎದುರು ಮಾತಾಡಲಿಲ್ಲ. ಮಾತೇ ಬಾರದವನು ಎದುರು ಹೇಗೆ ಮಾತಾಡುತ್ತಾನೆ ಎಂದು ಕೇಳಿ ರಿಫಾತ್ ಇನ್ನೊಂದು ಏಟು ತಿಂದ. ಕಾಗದದ ಪ್ರಕಾರ ಆರು ವರ್ಷವಾಯಿತೆಂದು ನಾಲ್ಕು ವರ್ಷಕ್ಕೇ ಸ್ಕೂಲಿಗೆ ಹಾಕಿದರು. ಅಲ್ಲಿ ಮೇಷ್ಟರು ಅವನ ಒದ್ದೆ ಚಡ್ಡಿಯನ್ನು ಕೋಲಿನಿಂದ ತೋರಿಸಿ, ಆರು ವರ್ಷದ ಕತ್ತೆ ಹೀಗೆ ಮಾಡಿಕೊಳ್ಳುತ್ತದಾ ಎಂದು ತರಗತಿಯನ್ನು ಕೇಳಿದರು, ತರಗತಿ ಇಲ್ಲ ಎಂದಿತು. ಮೀಸೆ ಬರುವ ಮುಂಚೆ ಸೈನ್ಯದ ಕರೆ ಬಂತು. ಅಮ್ಮನ ಹಾಲು ಬಿಡಿಸಿಕೊಂಡು ಬಂದಿದ್ದೀಯಾ ಎಂದು ಹವಾಲ್ದಾರ ದಿನಾ ಕೇಳುತ್ತಿದ್ದ. ಓಟದಲ್ಲಿ, ಜಗಳದಲ್ಲಿ, ಹುಡುಗಿಯರ ಮುಂದೆ, ಎಲ್ಲ ಕಡೆ ಅವನು ಎರಡು ವರ್ಷ ಕಡಿಮೆ ಬಿದ್ದ. ಅದು ಯಾರಿಗೂ ಕಾಣುತ್ತಿರಲಿಲ್ಲ. ವಯಸ್ಸಿಗೆ ತಕ್ಕ ಬೆಳವಣಿಗೆಯಿಲ್ಲದ ಮನುಷ್ಯ ಎಂದಷ್ಟೇ ಕಾಣುತ್ತಿತ್ತು.

ಹಾಜಿಯ ಹೊಟ್ಟೆಯೊಂದರಲ್ಲಿ ಮಾತ್ರ ಅವನು ತನ್ನ ವಯಸ್ಸಿನವನಾಗಿದ್ದ. ಅದೂ ತಾಯಿಯ ಬಾಯಿತಪ್ಪಿನಿಂದ. ಕೆಲಸಕ್ಕೆ ಸೇರುವ ದಿನ ತಾಯಿ ಬರಬೇಡ ಅಂದರೂ ಜೊತೆಗೆ ಬಂದಿದ್ದಳು, ಮೀಸೆ ಬಿಟ್ಟ ಮಗನ ಕೈ ಹಿಡಿದುಕೊಂಡು. ನೌಕರರ ಹುಟ್ಟಿದ ದಿನ ಬರೆದುಕೊಳ್ಳುತ್ತಿದ್ದ ಗುಮಾಸ್ತ ಅವರ ಬೀದಿಯವನೇ, ಈಗ ಇಲ್ಲ. ಅವನು ಕಾಗದ ತೋರಿಸು ಅನ್ನಲಿಲ್ಲ. ಸಲಿಗೆಯಿಂದ ತಾಯಿಯ ಕಡೆ ತಿರುಗಿ, "ಇವನನ್ನ ಹೆತ್ತದ್ದು ಯಾವಾಗಮ್ಮಾ?" ಎಂದು ಕೇಳಿಬಿಟ್ಟ. ಬೇರೆ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಅವಳು ಥಟ್ಟನೆ, "ಬಿರುಗಾಳಿಗೆ ಸಮುದ್ರ ಮೀನುಪೇಟೆ ಒಳಗೆ ನುಗ್ಗಿತಲ್ಲ, ಆ ವಾರ. ಸೂಲಗಿತ್ತಿ ಮೊಣಕಾಲುದ್ದ ನೀರಲ್ಲಿ ಬಂದ್ಲು," ಎಂದಳು. ಗುಮಾಸ್ತನಿಗೂ ಆ ಬಿರುಗಾಳಿ ನೆನಪಿತ್ತು, ಅವನ ಮಾವನ ದೋಣಿ ಹೋಗಿತ್ತು. ಲೆಕ್ಕ ಹಾಕಿ ಅರವತ್ತೈದು ಎಂದು ಬರೆದುಕೊಂಡ. ಹಾಜಿ ಬಂದಾಗ ಅದೇ ಹಾಜಿಯೊಳಗೆ ಹೋಯಿತು. ಯಾರು ಯಾವಾಗ ಅರವತ್ತು ತುಂಬಿ ಮನೆಗೆ ಹೋಗಬೇಕು ಎಂಬುದನ್ನು ಆ ಕಚೇರಿಯಲ್ಲಿ ಹಾಜಿಯೇ ಹೇಳುತ್ತಿದ್ದುದರಿಂದ, ಈ ವಸಂತದಲ್ಲಿ ಕಾಗದದ ರಿಫಾತನಿಗೆ ಅರವತ್ತು ತುಂಬಿದರೂ ಯಾರೂ ಅವನನ್ನು ಕರೆಯಲಿಲ್ಲ. ಅಂದಿನಿಂದ ಅವನು ಕಚೇರಿಗೆ ಸ್ವಲ್ಪ ಬೇಗ ಬರುತ್ತಿದ್ದ. ಜನ್ಮದಲ್ಲಿ ಮೊದಲ ಸಲ ತನ್ನ ಎರಡು ವರ್ಷ ತನಗೆ ಸಿಕ್ಕಿದೆ ಎಂದು ಖುಷಿಯಾಗಿದ್ದ. ಮನೆಯಲ್ಲಿ ಕೂತು ಏನು ಮಾಡುವುದು? ಹಾಜಿಯ ಕೋಣೆ ಬಿಟ್ಟರೆ ಅವನನ್ನು ಉಸ್ತಾದ್ ಅನ್ನುವ ಜಾಗ ಇನ್ನೊಂದಿರಲಿಲ್ಲ.

ಇದನ್ನೆಲ್ಲ ಅವನು ಹೇಳಬೇಕೆಂದು ಹೇಳಿದ್ದಲ್ಲ. ರದ್ವಾ ಚಹಾ ಲೋಟ ಕೈಗೆ ಕೊಟ್ಟಳು, ಅವನು ಕುಡಿಯಲು ಹೋಗಿ ಹೇಳಿಬಿಟ್ಟ. ಅಣ್ಣ, ಜ್ವರ, ಕಾಗದ, ಬಿರುಗಾಳಿ. ಹೇಳುವಾಗ ಕಾಲು ಮರೆತುಹೋಯಿತು, ಬೆತ್ತಲೆ ಹೆಬ್ಬೆರಳು ಎಲ್ಲರೆದುರಿಗೆ ಬಂದು ನಿಂತಿತು. ಮೇಡಂ ಇನ್ಶಿರಾಹ್ ರೊಟ್ಟಿ ಕೆಳಗಿಟ್ಟು ಎದೆ ಬಡಿದುಕೊಂಡರು, "ಅಯ್ಯೋ ನನ್ನ ಕಂದ," ಎಂದರು. ಯಾವ ಕಂದನಿಗೆ ಹೇಳಿದರೋ ತಿಳಿಯಲಿಲ್ಲ.

ರದ್ವಾ ಕಿವಿಯಿಂದ ಹಾಡು ತೆಗೆದು ಮೇಜಿನ ಮೇಲಿಟ್ಟಳು. "ಅಂದ್ರೆ ನಂಬರ್ ಇರೋರು ತೀರ್ಕೊಂಡಿದಾರೆ. ಬದುಕಿರೋರಿಗೆ ನಂಬರಿಲ್ಲ."

"ಹೂಂ."

"ಸಿಸ್ಟಮ್ ನಂಬರ್ ಇರೋರನ್ನ ಉಳ್ಸುತ್ತೆ ಉಸ್ತಾದ್. ಅದಕ್ಕೆ ಬೇರೆ ತಿಳಿಯಲ್ಲ. ದೊಡ್ಡವರು, ಅಂದ್ರೆ ನಿಮ್ಮಣ್ಣ, ಉಳಿದ್ರೆ ನೀವು ವಸಂತದಲ್ಲೇ ನಿವೃತ್ತಿ ಆಗಿರ್ಬೇಕಿತ್ತು. ಇವತ್ತೇ ಕೊನೇ ದಿನ ಅನ್ಕೊಳಿ." ಅವಳು ಪರದೆ ನೋಡಿದಳು, ಅವನನ್ನು ನೋಡಿದಳು, ದನಿ ತಗ್ಗಿಸಿದಳು. "ಒಂದು ದಾರಿ ಇದೆ. ದೊಡ್ಡವರ ಮುಂದೆ 'ಮೃತ' ಅಂತ ಹಾಕೋದು. ಹಾಕಿದ್ರೆ ಚಿಕ್ಕವರು ಉಳೀತಾರೆ. ಆಮೇಲೆ ದಾಖಲೆ ಕೊಡಿ ಅಂತ ಕೇಳುತ್ತೆ, ಫೈಲು ಕೈರೋಗೆ ಹೋಗುತ್ತೆ. ಅಲ್ಲಿ ಫೈಲು ಕೂತ್ರೆ ಏಳೋಕೆ..."

"ಎರಡು ವರ್ಷ ಗ್ಯಾರಂಟಿ," ಎಂದರು ಮೇಡಂ ಇನ್ಶಿರಾಹ್. ಎದೆ ಬಡಿತ ಮುಗಿಸಿ ರೊಟ್ಟಿ ಮತ್ತೆ ಕೈಗೆತ್ತಿಕೊಂಡಿದ್ದರು. "ನನ್ನ ಬಡ್ತಿ ಫೈಲು ಹೋದಾಗ ನನ್ನ ಮಗಳು ಸ್ಕೂಲಲ್ಲಿದ್ಲು. ಈಗ ಅವಳಿಗೇ ಎರಡು ಮಕ್ಕಳು, ಫೈಲು ಇನ್ನೂ ಎದ್ದಿಲ್ಲ."

"ಅಷ್ಟರಲ್ಲಿ ನಿಮಗೆ ನಿಜವಾಗ್ಲೂ ಅರವತ್ತಾಗಿರುತ್ತೆ. ಸುಳ್ಳೇನೂ ಅಲ್ವಲ್ಲ, ಅವರು ತೀರ್ಕೊಂಡಿರೋದು ನಿಜಾನೇ. ನೀವು ಬಾಯಲ್ಲಿ ಹೇಳಿ, ನಾನು ಹಾಕ್ತೀನಿ. ಮರಣಪತ್ರ ಏನಾದ್ರೂ ಮನೇಲಿದ್ರೆ ಇನ್ನೂ ಒಳ್ಳೇದು. ಫೋನ್ ಮಾಡಿ ಕೇಳಿ ನೋಡಿ."

ಆಗ ನಿರ್ದೇಶಕ ಹಿಕ್ಮತ್ ಬೇ ಬಾಗಿಲಲ್ಲಿ ಬೂಟು ಬಿಚ್ಚುತ್ತ ಏದುಸಿರು ಬಿಟ್ಟರು. ಅವರ ಹಿಂದೆ ಒಬ್ಬ ದೊಡ್ಡ ಕೇಕಿನ ಪೆಟ್ಟಿಗೆ, ಇನ್ನೊಬ್ಬ ಮರದ ಹಲಗೆಗೆ ಬಡಿದ ಕೆಂಪು ಗುಂಡಿ ಹೊತ್ತು ನಿಂತಿದ್ದರು. ಮಧ್ಯಾಹ್ನ ಕೈರೋದಿಂದ ಬರುವ ಉಪಕಾರ್ಯದರ್ಶಿಗಳು ಆ ಗುಂಡಿ ಒತ್ತಿದ ಕೂಡಲೇ ಹಳೆಯದು ಹೋಗಿ ಹೊಸದು ಬರಬೇಕು, ಹಾಗೆ ಪತ್ರಿಕೆಯವರಿಗೆ ಹೇಳಿಯಾಗಿತ್ತು. ಗುಂಡಿಯ ತಂತಿ ಹೋಗುತ್ತಿದ್ದುದು ಒಂದು ಹಸಿರು ಬಲ್ಬಿಗೆ. ಬಲ್ಬು ಹಿಕ್ಮತ್ ಬೇಯವರ ಮಗಳ ಮದುವೆಯ ಮಂಟಪದಲ್ಲಿ ಉಳಿದದ್ದು.

"ಎಲ್ಲಾ ಆಯ್ತಾ ಇಂಜಿನಿಯರಮ್ಮ? ಸಾಹೇಬ್ರು ಹೊರಟಾಯ್ತಂತೆ."

"ಒಂದು ಗಂಟಿದೆ ಹಿಕ್ಮತ್ ಬೇ. ಉಸ್ತಾದ್ ರಿಫಾತ್ ಒಂದು ಮಾತು ಹೇಳಿದ್ರೆ ಬಿಡುತ್ತೆ."

"ಹೇಳಿಬಿಡಪ್ಪ ಮತ್ತೆ. ಒಂದು ಮಾತಿಗೆ ಏನು ಖರ್ಚು?" ಎಂದು ಹಿಕ್ಮತ್ ಬೇ ಬಲ್ಬು ನೋಡಲು ಬಗ್ಗಿದರು.

ರಿಫಾತ್ ಕಾಲುಚೀಲದಲ್ಲೇ ಮೆಟ್ಟಿಲಿಗೆ ಬಂದ. ಕಿಟಕಿಯಿಂದ ಉಪ್ಪುಗಾಳಿ, ಕೆಳಗೆ ಟ್ರಾಮಿನ ಗಂಟೆ. ಒಳಗೊಳಗೇ ಅವನಿಗೆ ಕುಣಿಯುವಂತಾಗಿತ್ತು, ಅದಕ್ಕೆ ನಾಚಿ ಗೋಡೆಗೆ ಒರಗಿಕೊಂಡ. ಎಷ್ಟು ವರ್ಷ ಕಾದಿದ್ದ ಈ ಮಾತಿಗೆ. ಅವನು ಸತ್ತಿದ್ದಾನೆ. ಜೇನುಗಣ್ಣಿನವನು, ಅಳದವನು, ತಪ್ಪೇ ಮಾಡದವನು, ಸತ್ತು ಯಾವ ಕಾಲವಾಯಿತು. ಮಾತು ಬಾಯಿಯಲ್ಲಿ ಆಗಲೇ ಸಿಹಿಯಾಗಿತ್ತು. ಅದನ್ನು ಒಂದು ಸಲ ಅಭ್ಯಾಸ ಮಾಡಿ, ಮನೆಗೆ ಫೋನ್ ಮಾಡಿದ.

"ಏನೋ, ಹಾಜಿ ಹೋದ್ನಾ?" ಎಂದಳು ತಾಯಿ.

"ಇನ್ನೂ ಇಲ್ಲಮ್ಮ. ಒಂದು ಕೇಳ್ಬೇಕಿತ್ತು."

"ಬೇಗ ಕೇಳು, ಒಲೆ ಮೇಲೆ ಸೊಪ್ಪಿನ ಸಾರಿದೆ."

"ಅಣ್ಣ ಹೋದಾಗ ಆಫೀಸಲ್ಲಿ ಬರೆಸಿದ್ರಾ? ಕಾಗದ ಏನಾದ್ರೂ ಇದೆಯಾ?"

"ಯಾವ ಅಣ್ಣ?"

"ರಿಫಾತ್," ಎಂದ ರಿಫಾತ್.

ಸೌಟು ಪಾತ್ರೆಗೆ ತಾಗುವುದು ಕೇಳಿಸಿತು, ಆಮೇಲೆ ಅದೂ ನಿಂತಿತು.

"ನಿಮ್ಮಪ್ಪ ಹೇಳಿಲ್ವಾ, ಕಾಗದ ಹೊಸದಿತ್ತು, ಅದಕ್ಕೇ ಬರೆಸ್ಲಿಲ್ಲ ಅಂತ."

"ಅಪ್ಪ ಊರಿಗೆಲ್ಲ ಹೇಳಿದ್ದ. ನೀನು ಹೇಳು."

"ಹೋಗಿದ್ವಿ ಕಣೋ. ನಾನೂ ನಿಮ್ಮಪ್ಪನೂ ಇಬ್ರೂ ಹೋಗಿದ್ವಿ. ಅಲ್ಲಿ ಕೂತಿದ್ದೋನು ಒಳ್ಳೆಯವನು. ನಮ್ಮನ್ನ ನೋಡಿ, ಏನಾಗ್ಬೇಕಿತ್ತು ಉಮ್ಮು ರಿಫಾತ್, ಅಂದ." ಬೀದಿಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಚೊಚ್ಚಲು ಹೆತ್ತ ದಿನದಿಂದ ಅವಳು ಎಲ್ಲರಿಗೂ ಉಮ್ಮು ರಿಫಾತ್, ರಿಫಾತನ ತಾಯಿ. "ಆ ಹೆಸರಿಂದ ಕರೆದ ಮೇಲೆ ಏನಂತ ಹೇಳ್ಲಿ, ನೀನೇ ಹೇಳು. ಅವನು ಸತ್ತ ಅಂತ ಅಂದ್ರೆ ನಾನು ಯಾರ ತಾಯಿ ಆಗ್ಲಿ? ಏನಿಲ್ಲಪ್ಪ, ಸುಮ್ನೆ ಬಂದೆ ಅಂದೆ. ನಿಮ್ಮಪ್ಪ ಹೊರಗೆ ಬಂದು ಬೈದ. ಇನ್ನೊಂದಿನ ಕರ್ಕೊಂಡು ಹೋದ. ಅವತ್ತೂ ಬಾಯಿ ಬರ್ಲಿಲ್ಲ. ಅವನಾದ್ರೂ ಹೇಳ್ಬೋದಿತ್ತಲ್ಲ, ಅವನಿಗೂ ಬರ್ಲಿಲ್ಲ. ಬಾಗಿಲಲ್ಲಿ ನಿಂತು ಸೀನ್ತಾ ಇದ್ದ. ಆಮೇಲೆ ಈ ಕತೆ ಕಟ್ಟಿದ, ಕಾಗದ ಹೊಸದು, ಎಸೆಯೋದ್ಯಾಕೆ ಅಂತ. ಜನ ಜಿಪುಣ ಅಂದ್ರು, ಅನ್ನಿಸ್ಕೊಂಡ."

ರಿಫಾತನಿಗೆ ಸಿಟ್ಟು ಬಂತು. ಸ್ಕೂಲಿನ ಒದ್ದೆ ಚಡ್ಡಿಯಿಂದ ಹಿಡಿದು ಇವತ್ತಿನ ಹೆಬ್ಬೆರಳಿನವರೆಗೆ ಎಲ್ಲ ಒಟ್ಟಿಗೆ ಬಂತು. "ಅವನ ಕಾಗದಕ್ಕೋಸ್ಕರ ನನ್ನ ನಾಲ್ಕು ವರ್ಷಕ್ಕೇ ಸ್ಕೂಲಿಗೆ ತಳ್ಳಿದ್ರಿ."

"ತಳ್ಳಿದ್ವಿ. ನಾನು ದಿನಾ ಬಂದು ಕಾಂಪೌಂಡಿನ ಆಚೆ ನಿಂತಿರ್ತಿದ್ದೆ, ಗಂಟೆ ಹೊಡೆಯೋವರೆಗೂ. ನೀನು ನೋಡ್ತಿರ್ಲಿಲ್ಲ." ಅವಳು ಮೂಗು ಸೇದಿದಳು, ಅತ್ತಳೋ ಸಾರಿನ ಹಬೆಯೋ. "ಅವನಿಗೆ ಕಾಗದ ಕೊಟ್ಟೆ, ನಿನಗೆ ಊಟ ಕೊಟ್ಟೆ. ನನ್ನ ಹತ್ರ ಇದ್ದದ್ದು ಅಷ್ಟು. ಬರೋವಾಗ ನಿಂಬೆಹಣ್ಣು ತಗೊಂಡ್ಬಾ, ಮನೇಲಿ ಒಂದೂ ಇಲ್ಲ."

ಫೋನ್ ಇಟ್ಟಳು. ಅವನು ಮೆಟ್ಟಿಲ ಮೇಲೆ ಕೂತ. ಜಿಪುಣನೆಂದು ತಾನು ಜೀವಮಾನವಿಡೀ ಅಪ್ಪನನ್ನು ಒಳಗೇ ಹಂಗಿಸಿದ್ದು ನೆನಪಾಯಿತು. ಅಪ್ಪ ಸತ್ತ ದಿನ ಮೊಳೆಯ ಡಬ್ಬಿಯನ್ನು ಎತ್ತಿ ಕಸಕ್ಕೆ ಸುರಿದಿದ್ದ. ಎರಡು ವರ್ಷ ತನ್ನವು, ನ್ಯಾಯವಾಗಿ ತನ್ನವು ಎಂದು ಮತ್ತೆ ಹೇಳಿಕೊಂಡ. ಹೇಳಿಕೊಂಡದ್ದು ಸುಳ್ಳೂ ಆಗಿರಲಿಲ್ಲ. ಅಭ್ಯಾಸ ಮಾಡಿದ ಮಾತನ್ನು ಇನ್ನೊಮ್ಮೆ ಬಾಯಲ್ಲಿ ಹೊರಳಿಸಿ ನೋಡಿದ, ಮಾತು ಅಲ್ಲೇ ಇತ್ತು. ಎದ್ದು ಒಳಗೆ ಹೋದ.

"ಕಾಗದ ಇದೆಯಂತಾ?" ಎಂದಳು ರದ್ವಾ.

"ಇಲ್ಲ."

"ಪರವಾಗಿಲ್ಲ, ನೀವು ಹೇಳಿದ್ರೆ ಸಾಕು." ಅವಳ ಬೆರಳು ಕೀಲಿಮಣೆಯ ಮೇಲಿತ್ತು. ಬಾಗಿಲಾಚೆ ಹಿಕ್ಮತ್ ಬೇ ಬಲ್ಬಿನವನಿಗೆ ಬೈಯುತ್ತಿದ್ದರು. "ದೊಡ್ಡವರ ಮುಂದೆ ಹಾಕ್ಲಾ?"

ರಿಫಾತ್ ಬಾಯಿ ತೆರೆದ. ಪರದೆಯ ಮೇಲೆ ಅಣ್ಣನ ಸಾಲು ಮೇಲಿತ್ತು, ಅವನದು ಕೆಳಗೆ. ಇಷ್ಟು ವರ್ಷ ಯಾವ ಕಚೇರಿಯಲ್ಲೂ, ಯಾವ ಗುಮಾಸ್ತನ ಮುಂದೆಯೂ, ಆ ಕೂಸು ಸತ್ತಿದೆ ಎಂದು ಯಾರೂ ಹೇಳಿರಲಿಲ್ಲ. ಕಾಗದದಲ್ಲಿ ಅದು ಸ್ಕೂಲಿಗೆ ಹೋಗಿತ್ತು, ಸೈನ್ಯಕ್ಕೆ ಹೋಗಿತ್ತು, ಮದುವೆಯಾಗಿತ್ತು, ಮಗಳನ್ನು ಕೊಟ್ಟಿತ್ತು, ಹಲ್ಲು ಕೀಳಿಸಿಕೊಂಡಿತ್ತು. ಈಗ ಹೇಳಿದರೆ ಈಗ ಸಾಯುತ್ತದೆ. ಮೂಗಿನಲ್ಲಿ ಏನೋ ಕಚಗುಳಿಯಾಗಿ ಅವನು ಗಟ್ಟಿಯಾಗಿ ಸೀನಿದ, ಒಂದು ಸಲವಲ್ಲ, ಹಲವು ಸಲ, ಹಾಜಿಯ ಮೈಮೇಲೆಯೇ. ಮೇಡಂ ಇನ್ಶಿರಾಹ್ ಹಾಜಿಯನ್ನು ತಲೆವಸ್ತ್ರದ ತುದಿಯಿಂದ ಒರೆಸಿದರು.

"ಹೇಳಿ ಉಸ್ತಾದ್."

"ಏನಿಲ್ಲಮ್ಮ," ಎಂದ ರಿಫಾತ್. "ಇದ್ದಾನೆ. ದೊಡ್ಡವನನ್ನೇ ಇಟ್ಕೊ."

ರದ್ವಾ ಅವನ ಮುಖ ನೋಡಿದಳು. "ಹಾಗಾದ್ರೆ ಚಿಕ್ಕವರನ್ನ ಅಳಿಸ್ಬೇಕಾಗುತ್ತೆ. ಖಂಡಿತಾನಾ ಅಂತ ಕೇಳ್ತಿದೆ."

"ಹೂಂ ಅನ್ನು."

ಅವಳು ಒತ್ತಿದಳು. ಕೆಳಗಿನ ಸಾಲು ಹೋಯಿತು. ಮೇಲಿನ ಸಾಲಿನ ಕೊನೆಗೆ 'ನಿವೃತ್ತ' ಎಂದು ಬಂತು. ಗಂಟು ಬಿಟ್ಟಿತು. ಅರ್ಧ ಅಲೆಕ್ಸಾಂಡ್ರಿಯಾದ ನಲ್ಲಿಗಳೆಲ್ಲ ಹೊಸ ಯಂತ್ರಕ್ಕೆ ದಾಟಿಯಾಗಿ, ಅದು ಬಾಗಿಲು ಹಾಕಿಕೊಂಡಿತು.

ಉಪಕಾರ್ಯದರ್ಶಿಗಳು ಬಂದಾಗ ಕೆಲಸ ಮುಗಿದು ಬಹಳ ಹೊತ್ತಾಗಿತ್ತು. ಅವರು ಬೂಟು ಬಿಚ್ಚದೆ ನೇರವಾಗಿ ಹಾಜಿಯ ಕೋಣೆಯೊಳಗೆ ನಡೆದರು. ಹಿಕ್ಮತ್ ಬೇ ಸಹಿತ ಎಲ್ಲರೂ ಉಸಿರು ಹಿಡಿದು ಆ ಬೂಟುಗಳನ್ನು ನೋಡಿದರು. ಏನೂ ಆಗಲಿಲ್ಲ. ಅವರು ಕೆಂಪು ಗುಂಡಿ ಒತ್ತಿದರು, ಹಸಿರು ಬಲ್ಬು ಹತ್ತಲಿಲ್ಲ, ಹಿಕ್ಮತ್ ಬೇ ಹಲಗೆಗೆ ಒಂದು ಗುದ್ದಿದರು, ಹತ್ತಿತು, ಜನ ಚಪ್ಪಾಳೆ ತಟ್ಟಿದರು. ಆಮೇಲೆ ರಿಫಾತ್ ಹಾಜಿಯ ಹಿಂದೆ ಹೋಗಿ ಸ್ವಿಚ್ಚು ಆರಿಸಿದ. ಗುಂಯ್ ಎನ್ನುವ ಸದ್ದು ನಿಂತಿತು. ಅದು ಇಷ್ಟು ವರ್ಷ ಅಲ್ಲಿತ್ತು ಎಂಬುದೇ ಆಗ ಎಲ್ಲರಿಗೂ ಗೊತ್ತಾಗಿ, ತಾವು ಕಿರುಚಿ ಮಾತಾಡುತ್ತಿದ್ದೇವೆಂದು ತಿಳಿದು ಒಟ್ಟಿಗೆ ದನಿ ತಗ್ಗಿಸಿದರು. ಹೊಸ ಸಿಸ್ಟಮ್ ಕೊಟ್ಟ ಮೊದಲ ವರದಿಯಲ್ಲಿ ನಿವೃತ್ತನಾದ ಒಬ್ಬ ಇನ್ನೂ ಕಚೇರಿಗೆ ಬರುತ್ತಿದ್ದಾನೆ ಎಂದಿತ್ತು. ಹಿಕ್ಮತ್ ಬೇ ಹೆಸರು ಓದಿ ಕಣ್ಣರಳಿಸಿ, ಸಾಹೇಬರ ಮುಂದೆ ಸಾವರಿಸಿಕೊಂಡು, ಇವತ್ತು ನಮ್ಮ ಪ್ರೀತಿಯ ಉಸ್ತಾದರ ಬೀಳ್ಕೊಡುಗೆಯೂ ಇದೆ ಎಂದು ಘೋಷಿಸಿಬಿಟ್ಟರು. ಕೇಕಿನ ಮೇಲೆ 'ಹೋಗಿ ಬಾ ಹಾಜಿ' ಎಂದು ಬರೆಸಿದ್ದರು. ಇನ್ನೊಂದು ಕೇಕಿಗೆ ಸಮಯವಿರಲಿಲ್ಲ. ಹಾಜಿ ಎಂದಿದ್ದ ಭಾಗವನ್ನೇ ಕತ್ತರಿಸಿ ರಿಫಾತನ ಬಾಯಿಗೆ ಇಟ್ಟರು. ಫೋಟೋದಲ್ಲಿ ಅವನ ಹೆಬ್ಬೆರಳು ಎದ್ದು ಕಾಣುವಂತಿತ್ತು, ಅವನು ಬಚ್ಚಿಡಲು ಹೋಗಲಿಲ್ಲ. ಮೇಡಂ ಇನ್ಶಿರಾಹ್ ಅಳುತ್ತ ಹಾಜಿಯ ಹಣೆಯಿಂದ ನೀಲಿ ಮಣಿ ಬಿಚ್ಚಿ ಅವನ ಜೇಬಿಗೆ ಹಾಕಿದರು. ರದ್ವಾ ಮೆಟ್ಟಿಲವರೆಗೂ ಬಂದು, "ತಪ್ಪು ಮಾಡಿದ್ರಿ ಉಸ್ತಾದ್," ಎಂದಳು. "ಇರಬಹುದಮ್ಮ," ಎಂದ.

ಟ್ರಾಮಿನಲ್ಲಿ ಕೂರಲು ಜಾಗ ಸಿಕ್ಕಿತು. ನಾಳೆ ಬೆಳಿಗ್ಗೆ ಏನು ಮಾಡುವುದೆಂದು ಯೋಚಿಸಿದ, ಪಕ್ಕದ ಹೆಂಗಸು ನೋಡುತ್ತಾಳೆಂದು ಕಿಟಕಿಯ ಕಡೆ ತಿರುಗಿ ಸ್ವಲ್ಪ ಅತ್ತ. ಇಳಿದು ನಿಂಬೆಹಣ್ಣು ಕೊಂಡ. ಓಣಿಯಲ್ಲಿ ಆ ಹೊತ್ತಿಗೆ ಗಂಡಸರಿರಲಿಲ್ಲ, ಎಲ್ಲರೂ ಕೆಲಸಕ್ಕೆ ಹೋಗಿದ್ದರು. ತಾಯಿ ಮೇಲಿನ ಬಾಲ್ಕನಿಯಲ್ಲಿ ನಿಂತು ರೊಟ್ಟಿ ಮಾರುವವನಿಗಾಗಿ ಬುಟ್ಟಿಯನ್ನು ಹಗ್ಗದಲ್ಲಿ ಕೆಳಗೆ ಬಿಡುತ್ತಿದ್ದಳು. ಅವಳ ಕಣ್ಣು ಈಗ ಅಷ್ಟು ದೂರ ಹರಿಯುವುದಿಲ್ಲ.

"ಯಾರೋ ಅದು? ರಿಫಾತನಾ? ಇಷ್ಟು ಬೇಗ?"

ಬುಟ್ಟಿ ತೂಗುತ್ತ ಇಳಿದು ಅವನ ಎದೆಮಟ್ಟಕ್ಕೆ ಬಂದು ನಿಂತಿತು. ಅವನು ತಲೆಯೆತ್ತಿದ.

"ಹೂಂ ಅಮ್ಮ," ಎಂದ. "ಇಬ್ಬರೂ ಬಂದ್ವಿ."

ಅವಳು ಬಾಲ್ಕನಿಯ ಕಂಬಿಯ ಮೇಲೆ ಬಗ್ಗಿದಳು. ಹಗ್ಗವನ್ನು ಇನ್ನೊಂದು ಗೇಣು ಕೆಳಗೆ ಬಿಟ್ಟಳು.

"ನಿಂಬೆಹಣ್ಣು ಬುಟ್ಟಿಗೆ ಹಾಕು," ಎಂದಳು ತಾಯಿ. "ಹಾಕಿ ಇಬ್ಬರೂ ಮೇಲೆ ಬನ್ನಿ, ಅನ್ನ ಆರಿಹೋಗುತ್ತೆ."